ಗಮನಪಟ್ಟಿಯ ವಿವರಣೆಯೂ ಒಂದು ಅಧಿಕಾರ ಪತ್ರವೇ

ಷೇರು ವ್ಯವಹಾರ ಬಲ್ಲ ನಮ್ಮ ಸದಸ್ಯರಿಗೆ ವಾಚ್‌ಲಿಸ್ಟ್ ಹೊಸ ಪದವಲ್ಲ. ಕೊಳ್ಳಬೇಕೆಂದಿರುವ, ಬೆಲೆಯ ಮೇಲೆ ಕಣ್ಣಿಡಬೇಕಾದ ಷೇರುಗಳ ಗಮನಪಟ್ಟಿ ಅದು. ಇದುವರೆಗೆ ಪಟ್ಟಿಯನ್ನು ನೋಡಿ ತೀರ್ಮಾನಿಸುತ್ತಿದ್ದವನು ಮನುಷ್ಯ. ಈಗ ಕೃತಕ ಬುದ್ಧಿಮತ್ತೆಯ ಏಜೆಂಟ್, ಅಂದರೆ ನಮ್ಮ ಸೂಚನೆಯನ್ನು ಪಡೆದು ತಾನೇ ಹಂತಹಂತವಾಗಿ ಕೆಲಸ ಮಾಡುವ ತಂತ್ರಾಂಶವು, ಅದನ್ನು ಓದತೊಡಗಿದೆ. ಇಂತಹ ತಂತ್ರಾಂಶಗಳನ್ನು ಇತರ ಸಾಧನಗಳಿಗೆ ಜೋಡಿಸಲು 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಸಂಸ್ಥೆಯು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಮುಕ್ತ ಮಾನದಂಡವನ್ನು ಪ್ರಕಟಿಸಿತು. 2025ರಲ್ಲಿ ನಮ್ಮ ಬೆಂಗಳೂರಿನದೇ ಆದ ಜೆರೋಧಾ ಸಂಸ್ಥೆಯು ಅದನ್ನು ಆಧರಿಸಿ ಕೈಟ್ ಎಂಸಿಪಿ ಸೌಲಭ್ಯವನ್ನು ಆರಂಭಿಸಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಏಜೆಂಟಿಗೆ ಸಾಧನದ ಪರಿಚಯವಾಗುವುದು ಅದರೊಂದಿಗೆ ಬರೆದಿಟ್ಟ ವಿವರಣೆಯಿಂದ. ಪ್ರತಿ ಕಾರ್ಯದ ಹೆಸರು, ಅದು ಮಾಡುವ ಕೆಲಸ, ಕೊಡಬೇಕಾದ ಮಾಹಿತಿ ಇವನ್ನು ಓದಿ, ಯಾವುದನ್ನು ಯಾವಾಗ ಬಳಸಬೇಕೆಂದು ಅದು ನಿರ್ಧರಿಸುತ್ತದೆ. ಹಿಂದೆ ಕೈಪಿಡಿಯನ್ನು ಯಾರೂ ಓದುತ್ತಿರಲಿಲ್ಲ. ಈ ಓದುಗನಾದರೋ ಅಕ್ಷರಶಃ ಓದಿ, ಓದಿದಂತೆಯೇ ನಡೆಯುತ್ತಾನೆ.

ಉದಾಹರಣೆಗೆ, 2025ರ ಅಕ್ಟೋಬರ್‌ನಲ್ಲಿ ಟಾಟಾ ಮೋಟಾರ್ಸ್ ವಿಭಜನೆಗೊಂಡಿತು. ಹಳೆಯ ಕಂಪನಿಯು ಟಾಟಾ ಮೋಟಾರ್ಸ್ ಪ್ಯಾಸೆಂಜರ್ ವೆಹಿಕಲ್ಸ್ ಆಯಿತು. ಹಳೆಯ ಹೆಸರು ವಾಣಿಜ್ಯ ವಾಹನಗಳ ಕಂಪನಿಗೆ ಸಂದಿತು. ವಿಭಜನೆಯ ಕಾರಣದಿಂದಲೇ ಹಳೆಯ ಷೇರಿನ ದರವು ಸುಮಾರು 660 ರೂಪಾಯಿಗಳಿಂದ ಸುಮಾರು 400ಕ್ಕೆ ಇಳಿಯಿತು. ಪಟ್ಟಿಯಲ್ಲಿ ಬರಿಯ ಹೆಸರಿದ್ದು, ‘ಶೇಕಡಾ 30ರಷ್ಟು ಕುಸಿದರೆ ತಿಳಿಸು’ ಎಂಬ ಸೂಚನೆಯಿದ್ದರೆ ಏಜೆಂಟ್ ಏನೆಂದು ತಿಳಿಯಬೇಕು? ಐಎಸ್‌ಐಎನ್ ಸಂಖ್ಯೆಯಿಂದ ಷೇರನ್ನು ಗುರುತಿಸಬೇಕು, ವಿಭಜನೆ ಮತ್ತು ಬೋನಸ್‌ಗಳಿಗೆ ದರವನ್ನು ಹೊಂದಿಸಿದೆಯೇ ಎಂದು ನೋಡಬೇಕು ಎಂಬ ಎರಡು ಸಾಲುಗಳು ವಿವರಣೆಯಲ್ಲಿದ್ದರೆ ಈ ಗೊಂದಲಕ್ಕೆ ಎಡೆಯಿಲ್ಲ.

ಇದು ತಂತ್ರಜ್ಞರಿಗೆ ಸೇರಿದ ವಿಷಯ, ಲೆಕ್ಕಪರಿಶೋಧಕರಿಗೇಕೆ ಎಂದು ಕೆಲವರು ಕೇಳಬಹುದು. ಕಾರಣ ಇತಿಹಾಸದಲ್ಲಿದೆ. ಗ್ರಾಹಕರು ದಲ್ಲಾಳಿ ಸಂಸ್ಥೆಗಳಿಗೆ ವಿಶಾಲ ಪದಗಳ ಪವರ್ ಆಫ್ ಅಟಾರ್ನಿಯನ್ನು ಓದದೆ ಸಹಿ ಮಾಡಿ ಕೊಡುತ್ತಿದ್ದ ಕಾಲವೊಂದಿತ್ತು. ಅದರ ದುರುಪಯೋಗ ಎಷ್ಟು ದೂರ ಹೋಗಬಲ್ಲದೆಂಬುದು ಕಾರ್ವಿ ಸ್ಟಾಕ್ ಬ್ರೋಕಿಂಗ್ ವಿರುದ್ಧ 2019ರ ನವೆಂಬರ್‌ನಲ್ಲಿ ಸೆಬಿ ಹೊರಡಿಸಿದ ಆದೇಶದಿಂದ ಜಗಜ್ಜಾಹೀರಾಯಿತು. 2022ರಲ್ಲಿ ಅದರ ಬದಲಿಗೆ ನಿರ್ದಿಷ್ಟ ಉದ್ದೇಶಗಳಿಗೆ ಮಾತ್ರ ಸೀಮಿತವಾದ ಡಿಡಿಪಿಐ ಪತ್ರ ಜಾರಿಗೆ ಬಂದಿತು. ಅಧಿಕಾರವನ್ನು ಸಡಿಲ ಭಾಷೆಯಲ್ಲಿ ಬರೆದರೆ ನಷ್ಟ ಯಾರಿಗೆಂಬುದನ್ನು ನಾವು ಒಮ್ಮೆ ಕಂಡಿದ್ದೇವೆ. ಏಜೆಂಟಿನ ವಿವರಣೆಯೂ ಅಂತಹುದೇ ಪತ್ರ. ಕೈಟ್ ಎಂಸಿಪಿಯ ಸಂಸ್ಥೆಯೇ ನಡೆಸುವ ಆವೃತ್ತಿಯು ನೇರವಾಗಿ ಆರ್ಡರ್ ಹಾಕುವ ಅವಕಾಶವಿಲ್ಲದೆ ಆರಂಭವಾದದ್ದು ವಿವೇಕದ ನಡೆ.

ಆದುದರಿಂದ ಇಂತಹ ಸಾಧನದ ವಿವರಣೆಯಲ್ಲಿ ಕನಿಷ್ಠ ಈ ನಾಲ್ಕು ಅಂಶಗಳು ಇರಲೇಬೇಕು:

1. ಪಟ್ಟಿಯನ್ನು ಓದುವುದು, ತಿದ್ದುವುದು, ಆರ್ಡರ್ ಹಾಕುವುದು ಇವು ಪ್ರತ್ಯೇಕ ಕಾರ್ಯಗಳಾಗಿರಬೇಕು. ‘ನಿರ್ವಹಿಸು’ ಎಂಬ ಒಂದೇ ಪದದಡಿ ಮೂರನ್ನೂ ತುರುಕಬಾರದು.

2. ದರವು ಯಾವ ವಿನಿಮಯ ಕೇಂದ್ರದ್ದು, ಯಾವ ಕ್ಷಣದ್ದು ಎಂದು ತಿಳಿಸಬೇಕು.

3. ಸಾಧನವು ಏನನ್ನು ಮಾಡುವುದಿಲ್ಲ ಎಂಬುದನ್ನೂ ಬರೆಯಬೇಕು. ಷೇರೊಂದು ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಅದು ಖರೀದಿಯ ಆದೇಶವಲ್ಲ.

4. ತಪ್ಪಾದಾಗ ಏನು ಉತ್ತರ ಬರುತ್ತದೆ, ಯಾವಾಗ ನಿಂತು ಮಾಲೀಕನನ್ನು ಕೇಳಬೇಕು ಎಂಬುದಿರಬೇಕು.

ಬರಹವೊಂದರಿಂದಲೇ ಎಲ್ಲವೂ ಸುರಕ್ಷಿತವಾಗದು ಎಂಬುದು ನಿಜ. ಬೀಗವನ್ನು ಗಣಕದಲ್ಲಿಯೇ ಹಾಕಬೇಕು. ಆದರೆ ಯಾವ ಬಾಗಿಲಿಗೆ ಬೀಗ ಬೇಕೆಂದು ತಿಳಿಯುವುದು ಬರೆದಿಟ್ಟಾಗಲೇ. 2025ರ ಫೆಬ್ರವರಿ 4ರ ಸೆಬಿ ಸುತ್ತೋಲೆಯೂ, ತರ್ಕವನ್ನು ಬಹಿರಂಗಪಡಿಸಿದ ಆಲ್ಗೋಗಳನ್ನು ಮುಚ್ಚಿಟ್ಟವುಗಳಿಂದ ಬೇರ್ಪಡಿಸಿ, ಎರಡನೆಯವಕ್ಕೆ ಹೆಚ್ಚಿನ ಹೊಣೆಯನ್ನು ಹೊರಿಸಿದೆ.

ಕಾಮಾಕ್ಷಿಪಾಳ್ಯ, ರಾಜಾಜಿನಗರಗಳ ಸಣ್ಣ ಕೈಗಾರಿಕೆಗಳ ಮಾಲೀಕರು ಕಂಪನಿಯ ಹೆಚ್ಚುವರಿ ಹಣವನ್ನು ಷೇರುಗಳಲ್ಲಿ ತೊಡಗಿಸುವುದಾದರೆ ಇನ್ನೊಂದು ಮಾತು. ಕಂಪನಿಗಳ ಕಾಯಿದೆ 2013ರ 179ನೆಯ ಕಲಮಿನಂತೆ ಹೂಡಿಕೆಯ ಅಧಿಕಾರವು ನಿರ್ದೇಶಕ ಮಂಡಳಿಯ ಸಭೆಯದು. ನಿರ್ಣಯದ ಮೂಲಕ ಅದನ್ನು ನಿರ್ದೇಶಕರ ಸಮಿತಿಗೆ, ವ್ಯವಸ್ಥಾಪಕ ನಿರ್ದೇಶಕರಿಗೆ, ಮ್ಯಾನೇಜರಿಗೆ ಅಥವಾ ಪ್ರಧಾನ ಅಧಿಕಾರಿಗೆ ವಹಿಸಬಹುದು. ಆ ಸಾಲಿನಲ್ಲಿ ತಂತ್ರಾಂಶಕ್ಕೆ ಸ್ಥಾನವಿಲ್ಲ. ಏಜೆಂಟ್ ಹಾಕಿದ ಆರ್ಡರಿಗೆ ಲೆಕ್ಕಪರಿಶೋಧನೆಯಲ್ಲಿ ಉತ್ತರ ಹೇಳಬೇಕಾದವರು ನೀವೇ.

ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಖಾತೆಯನ್ನು ಏಜೆಂಟಿಗೆ ಜೋಡಿಸುವ ಮುನ್ನ ಸಾಧನದ ವಿವರಣೆಯನ್ನು ಕೇಳಿ ಪಡೆಯಿರಿ, ಓದಿ, ದಿನಾಂಕ ಹಾಕಿ ಕಡತದಲ್ಲಿಡಿ. ವಿಜಯನಗರ, ಬಸವೇಶ್ವರನಗರಗಳಲ್ಲಿ ತಂತ್ರಾಂಶ ರೂಪಿಸುವ ನಮ್ಮ ಸದಸ್ಯರು ಅದನ್ನು ಕೇಳದೆಯೇ ಕೊಡುವ ಪದ್ಧತಿಯನ್ನು ಆರಂಭಿಸಲಿ. ಓದದೆ ಸಹಿ ಹಾಕುವ ಹಳೆಯ ಅಭ್ಯಾಸವು ಹೊಸ ವೇಷದಲ್ಲಿ ಮರಳುವುದು ಬೇಡ.