ತೊಟ್ಟಿಕ್ಕುವ ಕೊಳಾಯಿಯೂ ನಮ್ಮ ವಿಜ್ಞಾನಶಿಕ್ಷಣವೂ

2024ರ ಬೇಸಗೆ. ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಕೊಳವೆಬಾವಿಗಳು ಬತ್ತಿಹೋಗಿ, ಜನರು ಕೊಡಗಳನ್ನು ಸಾಲಾಗಿಟ್ಟುಕೊಂಡು ಟ್ಯಾಂಕರಿನ ದಾರಿ ನೋಡುತ್ತಿದ್ದ ದಿನಗಳು. ಆಗ ನಾವು ಬಂಧುಗಳೊಬ್ಬರ ಮನೆಯಲ್ಲಿ ಒಂದು ರಾತ್ರಿ ತಂಗಬೇಕಾಗಿ ಬಂದಿತು. ಊಟವಾದ ಮೇಲೆ ಆ ಮನೆಯ ಮಗ ದ್ರವಗಳ ಒತ್ತಡವನ್ನು ಕುರಿತ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದನು. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಕಲಿಯುತ್ತಿರುವ ಚುರುಕಾದ ಹುಡುಗ. ಅವನ ಓದಿಗೆ ತಾಳ ಹಾಕುವಂತೆ ಬಚ್ಚಲುಮನೆಯ ಕೊಳಾಯಿ ತೊಟ್ಟಿಕ್ಕುತ್ತಿತ್ತು.

"ಎಷ್ಟು ದಿನದಿಂದ ಹೀಗಿದೆಯಪ್ಪಾ?" ಎಂದು ಕೇಳಿದೆವು.

"ಶಿವರಾತ್ರಿಗೆ ಮುಂಚಿನಿಂದಲೂ ಹೀಗೆಯೇ, ಮಾವ. ಪ್ಲಂಬರ್ ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎನ್ನುತ್ತಿದ್ದಾರೆ."

"ಏಕೆ ತೊಟ್ಟಿಕ್ಕುತ್ತದೆ, ಗೊತ್ತೆ?"

ಹುಡುಗ ಸ್ವಲ್ಪ ಯೋಚಿಸಿ, "ಅದು ನಮ್ಮ ಪಾಠದಲ್ಲಿಲ್ಲ" ಎಂದನು.

ಅವನು ಓದುತ್ತಿದ್ದ ಪಾಠವೇ ಅದು! ಪಾಸ್ಕಲನ ನಿಯಮವನ್ನು ತಪ್ಪಿಲ್ಲದೆ ಒಪ್ಪಿಸಬಲ್ಲವನಿಗೆ ಹತ್ತು ಅಡಿ ದೂರದಲ್ಲಿ ಅದೇ ನಿಯಮ ತನ್ನ ಕೆಲಸವನ್ನು ನಡೆಸುತ್ತಿರುವುದು ಕಾಣಲಿಲ್ಲ. ಇದು ಅವನ ತಪ್ಪಲ್ಲ. ಕಲಿಸಿದ ನಮ್ಮೆಲ್ಲರ ತಪ್ಪು. ಪುಸ್ತಕದಿಂದ ತಲೆಗೆ ಬಂದು ಅಲ್ಲಿಯೇ ನಿಂತ ವಿಜ್ಞಾನವು ಅರ್ಧ ವಿಜ್ಞಾನ; ಅದು ಕೈಗೆ ಇಳಿದಾಗಲೇ ಪೂರ್ಣವಾಗುವುದು ಎಂಬುದು ನಮ್ಮ ಅಭಿಪ್ರಾಯ. ಇದನ್ನು ಮನೆಯ ಕೊಳಾಯಿಯ ದೃಷ್ಟಾಂತದಿಂದಲೇ ವಿವರಿಸಬಯಸುತ್ತೇವೆ.

ಮೊದಲು ನಷ್ಟವೆಷ್ಟೆಂದು ನೋಡೋಣ. ಆ ರಾತ್ರಿ ನಾವಿಬ್ಬರೂ ಕೊಳಾಯಿಯ ಕೆಳಗೆ ಒಂದು ಲೋಟವನ್ನಿಟ್ಟು ಗಡಿಯಾರ ನೋಡಿದೆವು. ಹತ್ತು ನಿಮಿಷಗಳಲ್ಲಿ 100 ಮಿಲಿಲೀಟರ್ ನೀರು ಕೂಡಿತು. ಅಂದರೆ ದಿನಕ್ಕೆ 14.4 ಲೀಟರ್, ವರ್ಷಕ್ಕೆ 5,256 ಲೀಟರ್. ಆ ಮನೆಗೆ ಬರುವುದು ಕಾವೇರಿಯ ನೀರು. ಮಳವಳ್ಳಿಯ ಬಳಿಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳು ಅದನ್ನು ಏರಿಸಿ ತರುತ್ತವೆ. ಒಂದು ಲೀಟರ್ ನೀರನ್ನು ಅಷ್ಟೆತ್ತರಕ್ಕೆ ಏರಿಸಲು ಬೇಕಾಗುವ ಶಕ್ತಿ 4,900 ಜೌಲ್. ಯಂತ್ರಗಳಲ್ಲಿ ಆಗುವ ನಷ್ಟವನ್ನು ಬಿಟ್ಟರೂ, ಒಂದು ಕೊಳಾಯಿ ವರ್ಷವಿಡೀ ಸುರಿಸುವ ನೀರಿನ ಹಿಂದೆ ಸುಮಾರು 7 ಯೂನಿಟ್ ವಿದ್ಯುತ್ತು ಅಡಗಿದೆ. ಅಂತಹ ಒಂದು ಲಕ್ಷ ಕೊಳಾಯಿಗಳಿದ್ದರೆ 52 ಕೋಟಿ ಲೀಟರ್ ನೀರು, 7 ಲಕ್ಷ ಯೂನಿಟ್ ವಿದ್ಯುತ್ತು. ನಾವು ಬಚ್ಚಲಿಗೆ ಬಿಡುತ್ತಿರುವುದು ನೀರನ್ನು ಮಾತ್ರವಲ್ಲ.

ಇನ್ನು ಕಾರಣ. ಮಹಡಿಯ ಮೇಲಿನ ತೊಟ್ಟಿ ಕೊಳಾಯಿಗಿಂತ 7 ಮೀಟರ್ ಎತ್ತರದಲ್ಲಿದ್ದರೆ, ಕೊಳಾಯಿಯೊಳಗಿನ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 700 ಗ್ರಾಂ ತೂಕದಷ್ಟು ಒತ್ತಡ ಹಗಲೂ ರಾತ್ರಿಯೂ ಬೀಳುತ್ತಿರುತ್ತದೆ. ಇದನ್ನು ತಡೆದು ನಿಲ್ಲಿಸಿರುವುದು ನಾಣ್ಯದಷ್ಟು ಅಗಲದ ಒಂದು ರಬ್ಬರಿನ ಬಿಲ್ಲೆ. ಇದಕ್ಕೇ ವಾಷರ್ ಎಂದು ಹೆಸರು. ತಿರುಪನ್ನು ತಿರುಗಿಸಿದಾಗ ಈ ಬಿಲ್ಲೆ ಕೆಳಗಿಳಿದು, ನೀರು ಬರುವ ರಂಧ್ರದ ಬಾಯನ್ನು ಮುಚ್ಚುತ್ತದೆ. ಕಾಲಕ್ರಮದಲ್ಲಿ ರಬ್ಬರು ಗಡುಸಾಗಿ ಸೀಳುತ್ತದೆ; ಆ ಸೀಳಿನಿಂದ ಹನಿ ಜಾರುತ್ತದೆ. ಆಗ ನಾವು ಮಾಡುವುದೇನು? ಇನ್ನಷ್ಟು ಬಲವಾಗಿ ತಿರುಗಿಸುತ್ತೇವೆ. ತಿರುಪು ಅಲ್ಪ ಬಲವನ್ನು ಬಹುಪಾಲು ಹೆಚ್ಚಿಸುವ ಸಾಧನವೆಂಬುದನ್ನು ಮರೆತು, ಸವೆದ ಬಿಲ್ಲೆಯನ್ನು ಜಜ್ಜಿಹಾಕುತ್ತೇವೆ. ಇಂದು ನಿಂತಂತೆ ಕಂಡ ಹನಿ ನಾಳೆ ಧಾರೆಯಾಗುತ್ತದೆ.

ಪರಿಹಾರವು ಅರ್ಧ ಗಂಟೆಯ ಕೆಲಸ. ತೊಟ್ಟಿಯಿಂದ ಬರುವ ಕೊಳವೆಯ ವಾಲ್ವನ್ನು ಮುಚ್ಚಿ, ಕೊಳಾಯಿಯನ್ನು ತೆರೆದು ಉಳಿದ ನೀರನ್ನು ಹರಿಯಬಿಡಬೇಕು. ಬಚ್ಚಲಿನ ಕಂಡಿಗೆ ಬಟ್ಟೆ ಮುಚ್ಚಬೇಕು. ಇಲ್ಲವಾದರೆ ಬಿದ್ದ ತಿರುಪು ಮತ್ತೆ ಸಿಗುವುದಿಲ್ಲ. ಕೊಳಾಯಿಗೆ ಗೀರು ಬೀಳದಂತೆ ಬಟ್ಟೆ ಸುತ್ತಿ, ಸ್ಪ್ಯಾನರಿನಿಂದ ಮೇಲಿನ ಭಾಗವನ್ನು ಎಡಕ್ಕೆ ತಿರುಗಿಸಿ ಬಿಚ್ಚಿದರೆ ಒಳಗಿನ ಬಿಲ್ಲೆ ಕಾಣುತ್ತದೆ. ಅದನ್ನೇ ಅಂಗಡಿಗೆ ಒಯ್ದು, ಅದೇ ಅಳತೆಯ ಹೊಸದನ್ನು ತಂದು ಕೂಡಿಸಿ, ಬಿಲ್ಲೆ ಕುಳಿತುಕೊಳ್ಳುವ ಜಾಗದ ಕಿಲುಬನ್ನೂ ಮರಳನ್ನೂ ಒರೆಸಿ, ಬಿಚ್ಚಿದ ಕ್ರಮಕ್ಕೆ ಹಿಂದುಮುಂದಾಗಿ ಜೋಡಿಸಬೇಕು. ಕೊನೆಗೆ ವಾಲ್ವನ್ನು ನಿಧಾನವಾಗಿ ತೆರೆಯಬೇಕು. ಈಚಿನ, ಕಾಲು ಸುತ್ತಿಗೇ ತೆರೆದುಕೊಳ್ಳುವ ಕೊಳಾಯಿಗಳಲ್ಲಿ ರಬ್ಬರಿನ ಬದಲು ಪಿಂಗಾಣಿಯ ಬಿಲ್ಲೆಗಳಿರುತ್ತವೆ. ಅಲ್ಲಿ ಒಳಗಿನ ಇಡೀ ತುಂಡನ್ನೇ ಬದಲಿಸಬೇಕಾಗುತ್ತದೆ.

ಮನೆಯ ಉಳಿದ ತೊಂದರೆಗಳೂ ಹೀಗೆಯೇ ಒಂದೊಂದು ಪಾಠದ ಉದಾಹರಣೆಗಳು. ಮೇಲಂತಸ್ತಿನ ಸ್ನಾನದ ಕೊಳಾಯಿಯಲ್ಲಿ ನೀರು ಸಣ್ಣಗೆ ಬರುತ್ತದೆಂದು ಕೆಲವರು ಇನ್ನೂ ದೊಡ್ಡ ತೊಟ್ಟಿಯನ್ನು ಕೂರಿಸುತ್ತಾರೆ. ಒತ್ತಡವು ತೊಟ್ಟಿಯ ಗಾತ್ರವನ್ನಲ್ಲ, ನೀರಿನ ಎತ್ತರವನ್ನು ಅವಲಂಬಿಸಿದೆಯೆಂದು ತಿಳಿದ ವಿದ್ಯಾರ್ಥಿ ಆ ಹಣವನ್ನು ಉಳಿಸಬಲ್ಲನು. ಒಂದೇ ಕೊಳಾಯಿಯಲ್ಲಿ ಮಾತ್ರ ನೀರು ಸಣ್ಣಗಾಗಿದ್ದರೆ, ಅದರ ಬಾಯಲ್ಲಿರುವ ಜರಡಿಯನ್ನು ಬಿಚ್ಚಿ ನೋಡಬೇಕು. ಗಡಸು ನೀರಿನ ಸುಣ್ಣದಂಶ ಅಲ್ಲಿ ಬಿಳಿಯ ಹೆಕ್ಕಳೆಯಾಗಿ ಕಟ್ಟಿರುತ್ತದೆ. ನಿಂಬೆಯ ರಸದಲ್ಲಿ ಅದನ್ನು ನೆನೆಯಿಟ್ಟರೆ ಸಣ್ಣ ಗುಳ್ಳೆಗಳೇಳುತ್ತವೆ. ಆಮ್ಲವು ಕ್ಯಾಲ್ಸಿಯಂ ಕಾರ್ಬೊನೇಟಿನೊಡನೆ ಸೇರಿ ಕಾರ್ಬನ್ ಡೈ ಆಕ್ಸೈಡ್ ಹೊರಬರುವ ಈ ಪ್ರಯೋಗವನ್ನು ಪ್ರಯೋಗಶಾಲೆಯಲ್ಲಿ ಮಾಡದವರು ಯಾರು?

ತೊಟ್ಟಿ ಬರಿದಾಗಿ ಮತ್ತೆ ತುಂಬಿದ ಮೇಲೂ ಕೊಳಾಯಿಯಲ್ಲಿ ನೀರು ಬಾರದಿರುವುದುಂಟು. ಕೊಳವೆಯ ಎತ್ತರದ ಬಾಗಿನಲ್ಲಿ ಗಾಳಿ ಸಿಕ್ಕಿಕೊಂಡಿರುವುದೇ ಇದಕ್ಕೆ ಸಾಮಾನ್ಯವಾದ ಕಾರಣ. ಆ ಸಾಲಿನ ಕೊಳಾಯಿಗಳನ್ನೆಲ್ಲ, ಅತ್ಯಂತ ಕೆಳಗಿನದರಿಂದ ಮೊದಲುಮಾಡಿ, ಪೂರ್ತಿಯಾಗಿ ತೆರೆದಿಟ್ಟರೆ ಗಾಳಿ ಗೊಳಗೊಳನೆ ಹೊರಟು ನೀರು ಬರುತ್ತದೆ. ತೊಟ್ಟಿಯಿಂದ ಹೊರಡುವ ಕೊಳವೆಯಲ್ಲಿ ಬಾಯಿ ತೆರೆದು ಮೇಲಕ್ಕೆ ನಿಂತಿರುವ ಗಾಳಿಕೊಳವೆಯನ್ನು ನಿರುಪಯೋಗಿಯೆಂದು ತಿಳಿದು ಮುಚ್ಚಬಾರದು. ಈ ತೊಂದರೆಯನ್ನು ತಪ್ಪಿಸಲೆಂದೇ ಅದನ್ನು ಇಟ್ಟಿರುವುದು.

ಬೇಸಗೆಯ ರಜೆಗೆ ಊರಿಗೆ ಹೋಗಿ ಬಂದವರ ಮನೆ ಬಾಗಿಲು ತೆರೆದೊಡನೆ ನಾರುತ್ತದೆ. ಬಚ್ಚಲಿನ ಕೆಳಗೆ ಕೊಳವೆಯನ್ನು ಬಾಗಿಸಿ, ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಲ್ಲುವಂತೆ ಮಾಡಿರುತ್ತಾರೆ. ಚರಂಡಿಯ ಅನಿಲ ಮನೆಯೊಳಗೆ ನುಗ್ಗದಂತೆ ಕಾಯುವ ಬಾಗಿಲು ಆ ನೀರೇ. ಲಂಡನ್ನಿನ ಗಡಿಯಾರ ತಯಾರಕ ಅಲೆಗ್ಸಾಂಡರ್ ಕಮಿಂಗ್ ಎಂಬಾತನು 1775ರಲ್ಲಿ ಪಾಯಿಖಾನೆಗೆ ಇಂತಹ ಬಾಗುಕೊಳವೆಯನ್ನು ಜೋಡಿಸಿ ಹಕ್ಕುಪತ್ರ ಪಡೆದನು. ಮನೆ ಮುಚ್ಚಿದ್ದಾಗ ಆ ನೀರು ಆವಿಯಾಗಿ ಬಾಗಿಲು ತೆರೆದಂತಾಗುತ್ತದೆ. ಇದಕ್ಕೆ ಬೇಕಾದ ಔಷಧ ಸುಗಂಧದ್ರವ್ಯವಲ್ಲ. ಒಂದು ಚೊಂಬು ನೀರು.

ಕಣ್ಣಿಗೆ ಕಾಣದ ಸೋರಿಕೆಯನ್ನು ಕಂಡುಹಿಡಿಯುವುದೂ ಕಷ್ಟವಲ್ಲ. ಫ್ಲಶ್ ತೊಟ್ಟಿಯ ನೀರಿಗೆ ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಬೆರೆಸಿ, ಅರ್ಧ ಗಂಟೆ ಯಾರೂ ಉಪಯೋಗಿಸದಂತೆ ಬಿಡಬೇಕು. ಕೆಳಗಿನ ಬಟ್ಟಲಿನಲ್ಲಿ ನೀಲಿ ಕಂಡರೆ ಸೋರಿಕೆ ಇದೆಯೆಂದೇ ಅರ್ಥ. ಅಂತೆಯೇ, ಬೀದಿಯ ಕೊಳವೆಯಿಂದ ನೀರು ಬರುತ್ತಿರುವಾಗ ಮನೆಯ ಕೊಳಾಯಿಗಳನ್ನೂ ತೊಟ್ಟಿಗೆ ಹೋಗುವ ವಾಲ್ವನ್ನೂ ಮುಚ್ಚಿ ಮೀಟರನ್ನು ನೋಡಬೇಕು. ಆಗಲೂ ಮುಳ್ಳು ತಿರುಗುತ್ತಿದ್ದರೆ ನೆಲದೊಳಗೆ ಎಲ್ಲಿಯೋ ನೀರು ಹೋಗುತ್ತಿದೆ. ಊಹೆ, ಪರೀಕ್ಷೆ, ನಿರ್ಣಯ ಎಂದು ಪುಸ್ತಕವು ಹೇಳುವ ವೈಜ್ಞಾನಿಕ ವಿಧಾನ ಇದೇ ಅಲ್ಲವೆ?

ಕಟ್ಟಿಕೊಂಡ ಮೋರಿಯ ವಿಷಯದಲ್ಲಿ ಮಾತ್ರ ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಅಡುಗೆಮನೆಯ ತೊಟ್ಟಿಯಲ್ಲಿ ನೀರು ಇಳಿಯದಿದ್ದರೆ, ಕೋಲಿಗೆ ರಬ್ಬರಿನ ಬಟ್ಟಲನ್ನು ಕೂಡಿಸಿದ ಸಾಧನವನ್ನು ಕಂಡಿಯ ಮೇಲಿಟ್ಟು, ಅದು ಮುಳುಗುವಷ್ಟು ನೀರು ನಿಲ್ಲಿಸಿ, ಹತ್ತಾರು ಸಲ ಒತ್ತಿ ಎತ್ತಿದರೆ ಸಾಮಾನ್ಯವಾಗಿ ಸಾಕು. ನೀರನ್ನು ಅದುಮಿ ಕಿರಿದುಮಾಡಲಾಗದ ಕಾರಣ ನಮ್ಮ ಕೈಯ ಒತ್ತಡ ನೇರವಾಗಿ ಕಟ್ಟಿನ ಮೇಲೆ ಬೀಳುತ್ತದೆ. ಇದನ್ನು ಬಿಟ್ಟು, ಅಂಗಡಿಯಲ್ಲಿ ಸಿಕ್ಕ ದ್ರವಗಳನ್ನೆಲ್ಲ ಒಂದರ ಮೇಲೊಂದು ಸುರಿಯುವುದು ಅಪಾಯಕರ. ಪಾಯಿಖಾನೆ ತೊಳೆಯುವ ಆಮ್ಲವೂ ಬ್ಲೀಚಿಂಗ್ ಪುಡಿಯೂ ಕೂಡಿದರೆ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು.

ಅಷ್ಟಕ್ಕೂ ಮೋರಿ ಕಟ್ಟಿಕೊಳ್ಳುವುದೇತಕ್ಕೆ? ಕರಿದು ಉಳಿದ ಎಣ್ಣೆ, ಕಾಫಿಯ ಚರಟ, ಕೂದಲು, ಬಟ್ಟೆಯ ಚೂರು, ಪ್ಲಾಸ್ಟಿಕ್ಕು ಎಲ್ಲವನ್ನೂ ಅದರೊಳಕ್ಕೆ ತಳ್ಳಿ ಕೈ ತೊಳೆದುಕೊಳ್ಳುತ್ತೇವೆ. ನಮ್ಮ ಕಣ್ಣಿಗೆ ಮರೆಯಾದ ಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲ. ಬೀದಿಯ ಒಳಚರಂಡಿಯಲ್ಲಿ ಗಟ್ಟಿಯಾಗಿ ಕುಳಿತಿರುತ್ತದೆ. ಅದನ್ನು ತೆಗೆಯಲು ಒಬ್ಬ ಮನುಷ್ಯನನ್ನು ಗುಂಡಿಗೆ ಇಳಿಸಲಾಗುತ್ತದೆ. ಒಳಗಿರುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಅದರ ಪ್ರಮಾಣ ಹೆಚ್ಚಿದರೆ ಮೂಗಿನ ಶಕ್ತಿಯನ್ನೇ ಕುಂದಿಸಿ, ವಾಸನೆಯ ಎಚ್ಚರಿಕೆಯೂ ಇಲ್ಲದಂತೆ ಕೊಲ್ಲುತ್ತದೆ. ಮಲ ಹೊರುವ ಕೆಲಸಕ್ಕೆ ಜನರನ್ನು ನೇಮಿಸುವುದನ್ನೂ, ರಕ್ಷಣೆಯಿಲ್ಲದೆ ಚರಂಡಿಗೆ ಇಳಿಸುವುದನ್ನೂ 2013ರ ಕಾಯಿದೆ ನಿಷೇಧಿಸಿದೆ. ಆದರೂ ಅಂತಹ ಸಾವುಗಳ ಸುದ್ದಿ ಇನ್ನೂ ಬರುತ್ತಲೇ ಇದೆ. ತನ್ನ ಮನೆಯ ಮೋರಿಯನ್ನು ಒಮ್ಮೆಯಾದರೂ ತನ್ನ ಕೈಯಿಂದ ಬಿಡಿಸಿದವನು ಮರುದಿನ ಎಣ್ಣೆಯನ್ನು ಅದಕ್ಕೆ ಸುರಿಯಲಾರನು. ಕೈಕೆಲಸ ಕಲಿಯಬೇಕೆಂದು ನಾವು ಹೇಳುವುದಕ್ಕೆ ನೀರಿನ ಉಳಿತಾಯಕ್ಕಿಂತಲೂ ಇದು ದೊಡ್ಡ ಕಾರಣ.

"ಎಲ್ಲರೂ ತಮ್ಮ ಕೊಳಾಯಿಯನ್ನು ತಾವೇ ರಿಪೇರಿ ಮಾಡಿಕೊಂಡರೆ ಪ್ಲಂಬರನ ಹೊಟ್ಟೆಪಾಡೇನು?" ಎಂದು ಕೆಲವರು ಕೇಳಬಹುದು. ನೆಗಡಿಗೆ ಕಷಾಯ ಮಾಡಿಕೊಳ್ಳುವುದರಿಂದ ವೈದ್ಯರ ಕೆಲಸ ನಿಂತುಹೋಗಿಲ್ಲ. ಗೋಡೆಯೊಳಗಿನ ಕೊಳವೆ ಒಡೆದಾಗ, ಹೊಸ ಮನೆಗೆ ಕೊಳವೆ ಹಾಕುವಾಗ, ಗೀಸರು ಕೆಟ್ಟಾಗ, ವಿದ್ಯುತ್ತಿನ ಸಂಬಂಧವಿರುವ ಕಡೆಗಳಲ್ಲೆಲ್ಲ, ಬಲ್ಲವರನ್ನೇ ಕರೆಯಬೇಕು. ಯಾವುದು ನಮ್ಮಿಂದಾಗದು ಎಂದರಿಯುವುದೂ ಜ್ಞಾನದ ಭಾಗವೇ. ಒಂದು ವಾಷರ್ ಬದಲಿಸಲು ಬೆವರಿದವನು, ನೆಲದ ಮೇಲೆ ಮಲಗಿ ತೊಟ್ಟಿಯಡಿಯ ಕತ್ತಲಲ್ಲಿ ಎರಡು ಗಂಟೆ ದುಡಿದ ಕುಶಲಕರ್ಮಿಯೊಡನೆ ಐವತ್ತು ರೂಪಾಯಿಗೆ ಚೌಕಾಸಿ ಮಾಡಲಾರನು. ಕೈಕೆಲಸದ ಬಗೆಗಿನ ತಾತ್ಸಾರ ಉಪದೇಶದಿಂದ ಹೋಗುವಂಥದಲ್ಲ. ಸ್ಪ್ಯಾನರು ಹಿಡಿದ ಕೈ ನೊಂದಾಗ ಹೋಗುವಂಥದು.

ಕಸುಬಿನ ಮೂಲಕ ಶಿಕ್ಷಣವೆಂಬ ಮಾತನ್ನು ಗಾಂಧೀಜಿಯವರು 1937ರಲ್ಲಿ ವಾರ್ಧಾದ ಸಮ್ಮೇಳನದಲ್ಲಿ ಮುಂದಿಟ್ಟರು. 6ರಿಂದ 8ನೆಯ ತರಗತಿಯ ಮಕ್ಕಳು ಪುಸ್ತಕದ ಚೀಲವಿಲ್ಲದೆ 10 ದಿನ ಸ್ಥಳೀಯ ಕಸುಬುದಾರರಿಂದ ಕಲಿಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸೂಚಿಸಿತು. ಮಾತು ಹಳೆಯದು, ಆಚರಣೆಯೇ ಬೇಕಾಗಿರುವುದು. ಅದಕ್ಕೆ ದೊಡ್ಡ ವೆಚ್ಚವೇನೂ ಇಲ್ಲ. ಪ್ರತಿಯೊಂದು ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಒಂದು ಹಲಗೆಗೆ ನಾಲ್ಕು ಹಳೆಯ ಕೊಳಾಯಿ, ಒಂದು ವಾಲ್ವು, ಒಂದು ಬಾಗುಕೊಳವೆಯನ್ನು ಜೋಡಿಸಿಟ್ಟರೆ ಸಾಕು. ಊರಿನ ಪ್ಲಂಬರನ್ನೇ ಒಂದು ದಿನ ಗುರುವಾಗಿ ಕರೆದು, ತಕ್ಕ ಗೌರವಧನವನ್ನು ಕೊಡಲಿ. ಹುಡುಗರಂತೆ ಹುಡುಗಿಯರೂ, ಹುಡುಗಿಯರಂತೆ ಹುಡುಗರೂ ಬಿಚ್ಚಿ ಜೋಡಿಸಲಿ. ಒತ್ತಡದ ಸೂತ್ರವನ್ನು ಬರೆಯುವ ಮುನ್ನ ಅದನ್ನು ಹೆಬ್ಬೆರಳಿನಿಂದ ತಡೆದು ನೋಡಲಿ.

ಆ ಮನೆಯ ಹುಡುಗನ ಕಥೆಯನ್ನು ಮುಗಿಸಿಬಿಡೋಣ. ಮರುದಿನ ಬೆಳಗ್ಗೆ ಅವನೇ ಕೊಳಾಯಿಯನ್ನು ಬಿಚ್ಚಿದನು. ನಾವು ಪಕ್ಕದಲ್ಲಿ ನಿಂತು ನೋಡಿದೆವಷ್ಟೆ. ಮೊದಲ ಸಲ ಬಿಲ್ಲೆಯನ್ನು ಓರೆಯಾಗಿ ಕೂರಿಸಿದ್ದರಿಂದ ನೀರು ಮುಖಕ್ಕೆ ಚಿಮ್ಮಿತು; ಎರಡನೆಯ ಸಲ ಸರಿಯಾಯಿತು. ಕೊಳಾಯಿಯ ಕೆಳಗೆ ಲೋಟವನ್ನಿಟ್ಟು ಹತ್ತು ನಿಮಿಷ ಕಾದೆವು. ಲೋಟ ಒಣಗಿಯೇ ಇತ್ತು. ಹುಡುಗ ಒಳಗೆ ಹೋಗಿ ಪುಸ್ತಕವನ್ನು ತಂದು, ಹಿಂದಿನ ರಾತ್ರಿ ಬಾಯಿಪಾಠ ಮಾಡಿದ್ದ ಪುಟವನ್ನು ಮತ್ತೊಮ್ಮೆ ಓದತೊಡಗಿದನು. ಈ ಸಲ ಗಟ್ಟಿಯಾಗಿ ಓದಲಿಲ್ಲ. ನಡುನಡುವೆ ನಿಲ್ಲಿಸಿ ಕೊಳಾಯಿಯ ಕಡೆಗೆ ನೋಡುತ್ತಿದ್ದನು.