ಎಂಟು ಕಾರು ಹೊತ್ತವನಿಗೆ ಎಂಟು ಗಂಟೆ ಕೆಲಸ ಯಾಕಿಲ್ಲ?

ನಿನ್ನೆ ರಾತ್ರಿ ನಮ್ಮ ಮಾಜಾಳಿ ಚೆಕ್‌ಪೋಸ್ಟ್ ಹತ್ರ ಒಂದು ಕಾರ್ ಕ್ಯಾರಿಯರ್ ನಿಂತಿತ್ತು. ಮೇಲೆ ಏಳು ಹೊಸ ಕಾರು, ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿಲ್ಲ. ಕೆಳಗೆ ಚಕ್ರದ ಪಕ್ಕ ಟಾರ್ಪಾಲ್ ಹಾಸ್ಕೊಂಡು ಡ್ರೈವರ್ ಮಲಗಿದ್ದ. ಕ್ಯಾಬಿನ್ನಿನೊಳಗೆ ಆ ಸೆಕೆಗೆ ನಿದ್ದೆ ಬರೋದಿಲ್ಲ. ಆರು ವರ್ಷ ನಾನೂ ಹಾಗೇ ಮಲಗಿದವನು. ಅದಕ್ಕೇ ಬರೀತಾ ಇದ್ದೀನಿ. ಸ್ವಲ್ಪ ಉದ್ದ ಆಗ್ತದೆ, ಪೂರ್ತಿ ಓದಿ.

ನನ್ನಜ್ಜ ಉಪ್ಪಿನಾಗರದಲ್ಲಿ ಉಪ್ಪು ಹೊತ್ತವನು. ಅಪ್ಪ ಕಾರವಾರ ಬಂದರಿನಲ್ಲಿ ಮೂಟೆ ಹೊತ್ತ. ನನಗೆ ಹೆವಿ ಲೈಸೆನ್ಸ್ ಸಿಕ್ಕಾಗ ಅವ್ವ ಕೇರಿಗೆಲ್ಲ ಬೆಲ್ಲ ಹಂಚಿದ್ಲು. ಇನ್ನು ಮಗ ಹೊರೋದಿಲ್ಲ, ಕೂತು ದುಡೀತಾನೆ ಅಂತ. ನಾನೂ ಹಾಗೇ ನಂಬಿದ್ದೆ.

ಕೆಲಸ ಹೇಗಿರ್ತದೆ ಅಂತ ಹೇಳ್ತೀನಿ. ಸಣ್ಣ ಕಾರಾದ್ರೆ ಎಂಟು, ದೊಡ್ಡದಾದ್ರೆ ಐದಾರು. ಒಂದೊಂದನ್ನೂ ನಾವೇ ಓಡಿಸಿ ಎರಡು ಅಂತಸ್ತಿಗೆ ಏರಿಸ್ಬೇಕು, ಒಂದೊಂದು ಚಕ್ರಕ್ಕೂ ಬೆಲ್ಟ್ ಬಿಗೀಬೇಕು. ಬಿಡದಿ ಕಡೆಯಿಂದ ಹೊರಟು ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟ್ ಇಳಿದು ಅಂಕೋಲಾ, ಕಾರವಾರ, ಕಾಳಿ ಸೇತುವೆ, ಸದಾಶಿವಗಡ ದಾಟಿದ್ರೆ ಮಾಜಾಳಿ. ಅಲ್ಲಿಂದ ಗೋವಾ. ಈ ಗಾಡಿಗೆ 4.75 ಮೀಟರ್ ತನಕ ಎತ್ತರ ಇರಬಹುದು. ಹಾಗಾಗಿ ಕಣ್ಣು ರಸ್ತೆ ಮೇಲೆ ಎಷ್ಟಿರ್ತದೋ ಅಷ್ಟೇ ಕರೆಂಟ್ ತಂತಿ, ಮರದ ಕೊಂಬೆ ಮೇಲೂ ಇರ್ಬೇಕು. ಒಂದು ಕೊಂಬೆ ತಾಗಿ ಗೀರು ಬಿದ್ರೆ ಆ ತಿಂಗಳ ದುಡಿಮೆ ಹೋಯ್ತು. ನನಗೂ ಹಾಗೇ ಆಯ್ತು. ಮಳೆಯಲ್ಲಿ ಬಾನೆಟ್ ಮೇಲೆ ಬೆರಳುದ್ದ ಗೀರು. ಮಾಲೀಕ ಹನ್ನೊಂದು ಸಾವಿರ ಹಿಡ್ಕೊಂಡ. ರಸೀದಿ ಕೇಳಿದ್ದಕ್ಕೆ, "ನಿಮ್ಮವರಿಗೆ ಸ್ಟೇರಿಂಗ್ ಕೊಟ್ಟಿದ್ದೇ ಹೆಚ್ಚು" ಅಂದ.

"ನಿಮ್ಮವರಿಗೆ." ಹೈವೇಯಲ್ಲಿ ಜಾತಿ ಇಲ್ಲ ಅಂತ ಹೇಳೋರಿಗೆ ಈ ಒಂದು ಪದ ಸಾಕು. ಕ್ಯಾಬಿನ್ನಿನಲ್ಲಿ ಬಾಬಾಸಾಹೇಬರ ಸ್ಟಿಕ್ಕರ್ ಅಂಟಿಸಿದ್ದೆ. "ಗಿರಾಕಿಗಳು ನೋಡ್ತಾರೆ" ಅಂತ ಕೆರೆಸಿ ತೆಗೆಸಿದ್ರು. ಪಕ್ಕದ ಗಾಡಿಯ ದೇವರ ಫೋಟೋ ಯಾರ ಕಣ್ಣಿಗೂ ಬೀಳಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರಾಗಿದ್ರು. ಕಾರ್ಖಾನೆ ಕೆಲಸವನ್ನ ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳಿಸುವ ಮಸೂದೆ ತಂದವರು ಅವರೇ. ಹಾಗಾಗಿ ಕಾರು ತಯಾರಿಸುವವನಿಗೆ ಶಿಫ್ಟ್ ಇದೆ, ಸೈರನ್ ಇದೆ. ಅದೇ ಕಾರು ಗೇಟು ದಾಟಿ ನಮ್ಮ ಗಾಡಿ ಹತ್ತಿದ ಕೂಡ್ಲೇ ಗಡಿಯಾರ ನಿಂತುಹೋಗ್ತದೆ. ಕಾನೂನು ಇಲ್ಲ ಅಂತಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಅಂತ್ಲೇ ಹೇಳಿತ್ತು. ದೂರದ ಓಡಾಟಕ್ಕೆ ದಿನಕ್ಕೆ 10. ಈಗ ಅದನ್ನ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ. ನಾನು ಹದಿನಾರು ಗಂಟೆ ಓಡಿಸಿದ ದಿನಗಳಲ್ಲಿ ಒಬ್ಬ ಇನ್ಸ್‌ಪೆಕ್ಟರ್ ಕೂಡ "ನಿದ್ದೆ ಮಾಡಿದ್ಯಾ?" ಅಂತ ಕೇಳಿಲ್ಲ. ಕಾಗದ ಕೇಳಿದ್ರು, ಅಷ್ಟೇ.

ಚಾಲಕರಿಗೆ ನಿಲ್ಲೋಕೆ ಜಾಗ ಇಲ್ಲದಿದ್ರೆ ಏನಾಗ್ತದೆ ಅಂತ ನಮ್ಮ ಜಿಲ್ಲೆಗೆ ಹೇಳಿಕೊಡ್ಬೇಕಾಗಿಲ್ಲ. 2024ರ ಜುಲೈ 16, ಅಂಕೋಲಾದ ಶಿರೂರು. ಚಹಾದಂಗಡಿ ಹತ್ರ ಗಾಡಿ ನಿಲ್ಲಿಸಿದವರ ಮೇಲೆ ಗುಡ್ಡ ಬಂತು. ಕಟ್ಟಿಗೆ ತರ್ತಿದ್ದ ಕೇರಳದ ಚಾಲಕನ ಲಾರಿ ಗಂಗಾವಳಿಯಿಂದ ಮೇಲೆ ಬಂದಿದ್ದು ಸೆಪ್ಟೆಂಬರ್ 25ಕ್ಕೆ. ಮೂರು ವಾರದಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾಳಿಯ ಹಳೇ ಸೇತುವೆ ಕುಸಿದು ತಮಿಳುನಾಡಿನ ಒಂದು ಲಾರಿ ನೀರಿಗೆ ಬಿತ್ತು. ಪೊಲೀಸರು, ಮೀನುಗಾರರು ಸೇರಿ ಚಾಲಕನನ್ನ ಉಳಿಸಿದ್ರು. ನಾವೆಲ್ಲ ಗುಡ್ಡ ಕಡಿದ ರೀತಿ ಬಗ್ಗೆ ಮಾತಾಡಿದ್ವಿ, ಮಾತಾಡ್ಲೇಬೇಕಿತ್ತು. ಆದ್ರೆ ಚಾಲಕರು ಯಾಕೆ ಗುಡ್ಡದ ಬುಡದಲ್ಲೇ ನಿಲ್ತಾರೆ ಅಂತ ಎಷ್ಟು ಜನ ಕೇಳಿದ್ವಿ?

ಈಗ ನಮ್ಮವರಿಗೂ ಒಂದು ಮಾತು. ಬೇಜಾರಾದ್ರೆ ಆಗ್ಲಿ. ನಮ್ಮ ಸಂಘಟನೆಗಳಲ್ಲಿ ಮೀಸಲಾತಿ, ಬ್ಯಾಕ್‌ಲಾಗ್, ಹಾಸ್ಟೆಲ್ ಬಗ್ಗೆ ನೂರು ಸಭೆ ಆಗ್ತವೆ. ಆಗ್ಲೇಬೇಕು. ಆದ್ರೆ ಕೇರಿಯ ಎಷ್ಟೋ ಹುಡುಗರು ಪಿಯುಸಿ ಬಿಟ್ಟು ಲಾರಿ ಹತ್ತಿದ್ದಾರಲ್ಲ, ಅವರಿಗಾಗಿ ಒಂದು ಸಭೆ ಆಗಿದ್ದು ನಾನು ನೋಡಿಲ್ಲ. 1938ರಲ್ಲಿ ಬಾಬಾಸಾಹೇಬರು ಮನ್ಮಾಡಿಗೆ ಹೋಗಿ ಮಾತಾಡಿದ್ದು ಯಾರ ಹತ್ರ? ದಲಿತ ರೈಲ್ವೆ ಕಾರ್ಮಿಕರ ಹತ್ರ. ಜಾತಿ, ಬಂಡವಾಳ ಎರಡನ್ನೂ ಎದುರಿಸ್ಬೇಕು ಅಂತ ಅಲ್ಲೇ ಹೇಳಿದ್ರು. ನಾವು ಅರ್ಧ ಮಾತ್ರ ನೆನಪಿಟ್ಕೊಂಡಿದ್ದೀವಿ.

"ಸ್ವಾವಲಂಬಿ ಸಾರಥಿ ಇದೆಯಲ್ಲ, ಸ್ವಂತ ಗಾಡಿ ತಗೊಳ್ಳಿ" ಅಂತಾರೆ. ಎಸ್‌ಸಿ, ಎಸ್‌ಟಿಗೆ ಗರಿಷ್ಠ 4 ಲಕ್ಷ ಸಬ್ಸಿಡಿ. ಒಳ್ಳೇದೇ, ಟ್ಯಾಕ್ಸಿಗೋ ಸಣ್ಣ ಗೂಡ್ಸ್ ಗಾಡಿಗೋ ಆಗ್ತದೆ. ಹತ್ತಾರು ಲಕ್ಷದ ಟ್ರೇಲರ್ರಿಗೆ ಅದು ಎಲ್ಲಿಗೆ ಸಾಕು? ದೊಡ್ಡ ಗಾಡಿಯ ಆರ್‌ಸಿ ಪುಸ್ತಕದಲ್ಲಿ ನಮ್ಮ ಹೆಸರು ಬರೋದಿಲ್ಲ, ಚಾಲಕನ ಸೀಟಿನಲ್ಲಿ ಮಾತ್ರ ನಾವು.

ಹೊಸದಾಗಿ ತಯಾರಾಗೋ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಆಗಿದೆ. ಸಂತೋಷ. ಹಳೇ ಗಾಡಿಯವರು ಮಾತ್ರ ಇನ್ನೂ ಟಾರ್ಪಾಲ್ ಮೇಲೇ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಅಂಕೋಲಾದಿಂದ ಮಾಜಾಳಿವರೆಗೆ ಗುಡ್ಡದಿಂದ ದೂರ, ಶೌಚಾಲಯ, ನೀರು ಇರೋ ಒಂದು ನಿಲ್ದಾಣ. ಚೆಕ್‌ಪೋಸ್ಟಿನಲ್ಲಿ ಗಾಡಿ ಕಾಗದದ ಜೊತೆ ಕೆಲಸದ ಗಂಟೆಯ ತಪಾಸಣೆ. ರಸೀದಿ ಇಲ್ಲದೆ ಸಂಬಳ ಕಡಿಯೋದು ಬಂದ್.

ಇದು ಸರ್ಕಾರಕ್ಕೆ. ನಮ್ಮ ಕೈಲಿ ಆಗೋದೂ ಒಂದಿದೆ. ಸಾರಿಗೆ ಕಾರ್ಮಿಕರಿಗೆ ರಾಜ್ಯದಲ್ಲಿ ಕಲ್ಯಾಣ ಮಂಡಳಿ ಇದೆ. ನೋಂದಣಿ ಆದವನು ಅಪಘಾತದಲ್ಲಿ ಸತ್ತರೆ ಮನೆಯವರಿಗೆ 5 ಲಕ್ಷ ಪರಿಹಾರ ಇದೆ. ನಮ್ಮ ಕೇರಿಯಲ್ಲಿ ವಿಚಾರಿಸಿದೆ. ಹದಿನಾಲ್ಕು ಚಾಲಕರಲ್ಲಿ ನೋಂದಣಿ ಆದವರು ಇಬ್ಬರು. ಬರುವ ಭಾನುವಾರ ಉಳಿದ ಹನ್ನೆರಡು ಜನರ ಆಧಾರ್, ಲೈಸೆನ್ಸ್ ಹಿಡ್ಕೊಂಡು ಕೂರ್ತೀನಿ. ಗಾಡಿ ಮೇಲೆ ಹೋದವರ ಕಾಗದ ಅವರ ಹೆಂಡತಿಯರು ತರ್ತಾರೆ. ನಿಮ್ಮ ಊರಿನಲ್ಲೂ ಇದನ್ನ ಮಾಡಿ, ಎಷ್ಟು ಜನ ಆಯ್ತು ಅಂತ ನನಗೆ ತಿಳಿಸಿ.

ಜೈ ಭೀಮ್.