ಕಾರಿನ ಮೇಲೆ ದೋಣಿ

ನಮ್ಮ ಕೋಲಾರದ ಸೀಮೆಗೂ ದೋಣಿಗೂ ನಂಟು ಕಡಮೆ. ಪಾಲಾರು, ಪಾಪಘ್ನಿಗಳು ಮಳೆ ಬಂದರೆ ನದಿಗಳು. ಬಾರದಿದ್ದರೆ ಮರಳಿನ ಹಾಸುಗಳು. ಹೀಗಿರಲು ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಲ್ಲಿ ಕುಳಿತು, ಕಯಾಕ್ ಎಂಬ ದೋಣಿಯನ್ನು ಮೋಟಾರು ಕಾರಿನ ಚಾವಣಿಯ ಮೇಲೆ ಕಟ್ಟುವ ಕ್ರಮವನ್ನು ನಾವು ಬರೆಯಹೊರಟರೆ ವಾಚಕರು ನಗಬಹುದು. ಆದರೆ ಈ ಊರುಗಳ ಮಕ್ಕಳು ಈಗ ಬೆಂಗಳೂರಿನಲ್ಲಿ ನೆಲಸಿದ್ದಾರೆ. ಬಿಡುವು ದೊರೆತರೆ ಕಾಳೀನದಿಗೋ ಕರಾವಳಿಯ ಹಿನ್ನೀರಿಗೋ ಹೊರಡುತ್ತಾರೆ. ಅಂಥವರ ತಂದೆತಾಯಿಗಳು ಈ ಪುಟವನ್ನು ಓದುವವರು. ಅಲ್ಲದೆ, ದೋಣಿಗೆ ಹೇಳಿದ ನಿಯಮವು ಏಣಿಗೂ ಮಂಚಕ್ಕೂ ಹಾಸಿಗೆಯ ಸುರುಳಿಗೂ ಸಲ್ಲುವುದು.

ಕಯಾಕ್ ಎಂಬುದು ಉತ್ತರ ಧ್ರುವದ ಬಳಿಯ ಹಿಮಸೀಮೆಯ ಇನ್ಯೂಯಿಟ್ ಜನರ ದೋಣಿ. ಅವರು ಮರದ ಅಥವಾ ಎಲುಬಿನ ಚೌಕಟ್ಟಿಗೆ ಸೀಲ್ ಎಂಬ ಕಡಲ ಪ್ರಾಣಿಯ ಚರ್ಮವನ್ನು ಹೊದಿಸಿ ಅದನ್ನು ಕಟ್ಟುತ್ತಿದ್ದರು. ಇಂದು ಮಾರಾಟಕ್ಕೆ ಬರುವ ಕಯಾಕುಗಳಲ್ಲಿ ಹಲವು ಪ್ಲಾಸ್ಟಿಕ್ಕಿನವು. ಒಬ್ಬನು ಕೂರುವ ದೋಣಿ ಸಾಮಾನ್ಯವಾಗಿ 3ರಿಂದ 4 ಮೀಟರ್ ಉದ್ದ, 20ರಿಂದ 30 ಕಿಲೋಗ್ರಾಂ ತೂಕವಿರುವುದು. ಇಬ್ಬರು ಸುಲಭವಾಗಿ ಎತ್ತಬಹುದಾದ ಈ ಹಗುರವೇ ಮೋಸಕ್ಕೆ ಮೂಲ. "ಇಷ್ಟು ಹಗುರವಾದುದಕ್ಕೆ ಒಂದು ಹಗ್ಗ ಸಾಲದೆ?" ಎಂದು ಮನಸ್ಸು ಕೇಳುತ್ತದೆ. ಸಾಲದು; ಏಕೆಂಬುದನ್ನು ವಿಚಾರಿಸೋಣ.

ನಮ್ಮ ಹಿರಿಯರು ಹುಲ್ಲಿನ ಗಾಡಿಗೆ ಹೇರು ಕಟ್ಟುವುದರಲ್ಲಿ ನಿಪುಣರಾಗಿದ್ದರು. ಎತ್ತಿನ ಗಾಡಿಯಾದರೋ ಮನುಷ್ಯನ ನಡಿಗೆಯ ವೇಗದಲ್ಲಿ ಸಾಗತಕ್ಕದ್ದು. ಅಲ್ಲಿ ಹೇರಿಗೆ ಶತ್ರುಗಳು ಎರಡೇ: ಭಾರ ಮತ್ತು ಕುಲುಕಾಟ. ಕಾರಿನ ಮೇಲಣ ಹೇರಿಗೆ ಇವುಗಳ ಜೊತೆಗೆ ಗಾಳಿ ಮತ್ತು ಬ್ರೇಕು ಎಂಬ ಇನ್ನೆರಡು ಶತ್ರುಗಳುಂಟು. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದು. ಗಂಟೆಗೆ 40 ಕಿಲೋಮೀಟರ್ ಓಡುವಾಗ ಇದ್ದ ಬಲವು 80ಕ್ಕೆ ಏರಿದಾಗ ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ದೋಣಿಯ ಮೂತಿಯ ಕೆಳಗೆ ನುಗ್ಗಿದ ಗಾಳಿ ಅದನ್ನು ಮೇಲಕ್ಕೆತ್ತುವುದು. ಎದುರಿನಿಂದ ಲಾರಿಯೊಂದು ಹಾದುಹೋದರೆ ಪಕ್ಕಕ್ಕೆ ತಳ್ಳುವುದು.

ಬ್ರೇಕಿನ ವಿಚಾರವನ್ನು ನಮ್ಮ ವೈಶೇಷಿಕರ ಪರಿಭಾಷೆಯಲ್ಲಿ ಹೇಳಬಹುದು. ಅವರು ಸಂಸ್ಕಾರವೆಂಬ ಗುಣವನ್ನು ವೇಗ, ಭಾವನಾ, ಸ್ಥಿತಿಸ್ಥಾಪಕ ಎಂದು ಮೂರಾಗಿ ವಿಂಗಡಿಸಿದರು. ಬ್ರೇಕು ಕಾರಿನ ವೇಗವನ್ನು ತಡೆಯುವುದೇ ಹೊರತು ದೋಣಿಯ ವೇಗವನ್ನಲ್ಲ. ದೋಣಿಯನ್ನು ತಡೆಯಬೇಕಾದುದು ಹಗ್ಗ. ಗಂಟೆಗೆ 80 ಕಿಲೋಮೀಟರ್ ಎಂದರೆ, ಸುಮಾರು 25 ಮೀಟರ್ ಎತ್ತರದಿಂದ ಬಿಟ್ಟ ವಸ್ತು ನೆಲ ಮುಟ್ಟುವಾಗ ಪಡೆದಿರುವ ವೇಗ. ಆ ವೇಗದಲ್ಲಿ ಕಳಚಿದ ದೋಣಿಯ ಎದುರಿಗೆ ಬೈಸಿಕಲ್ಲಿನ ಬಾಲಕನೊಬ್ಬನು ಬಂದರೆ ಗತಿಯೇನು? ಹಿಂದಿನಿಂದ ಮೋಟಾರು ಸೈಕಲ್ಲಿನಲ್ಲಿ ಬರುವ ದಂಪತಿಗಳ ಮುಂದೆ ಅದು ಬಿದ್ದರೆ ಗತಿಯೇನು?

ಇನ್ನು ಕಟ್ಟುವ ಕ್ರಮ. ಮೊದಲು ಕಾರಿನೊಡನೆ ಬಂದ ಕೈಪಿಡಿಯನ್ನು ತೆರೆದು, ಚಾವಣಿ ಎಷ್ಟು ತೂಕವನ್ನು ಹೊರಬಲ್ಲುದೆಂಬುದನ್ನು ನೋಡತಕ್ಕದ್ದು. ಆ ಮಿತಿಯಲ್ಲಿ ಅಡ್ಡಕಂಬಿಗಳ ತೂಕವೂ ಸೇರಿದೆಯೇ ಎಂಬುದನ್ನು ಗಮನಿಸಬೇಕು. ಬರಿಯ ತಗಡಿನ ಮೇಲೆ ದೋಣಿಯನ್ನಿಡದೆ, ಕಾರಿಗೆ ತಕ್ಕ ಎರಡು ಅಡ್ಡಕಂಬಿಗಳನ್ನು ಭದ್ರವಾಗಿ ಕೂರಿಸಿ, ಅವುಗಳ ನಡುವೆ ಸಾಧ್ಯವಾದಷ್ಟು ಅಂತರ ಬಿಡಬೇಕು. ಕಂಬಿಯ ಮೇಲೆ ಮೆತ್ತೆಯಿರಲಿ. ದೋಣಿಯು ಕಾರಿನ ನಡುಗೆರೆಗೆ ನೇರವಾಗಿ, ಮುಂದೂ ಹಿಂದೂ ಸಮತೂಕವಾಗಿ ಕೂರಬೇಕು. ಹಂಪೆಯಲ್ಲಿ ಅಂಬಿಗರು ಹರಿಗೋಲನ್ನು ಬೋರಲು ಹಾಕಿ ತಲೆಯ ಮೇಲೆ ಹೊರುವುದನ್ನು ಹಲವರು ಕಂಡಿರಬಹುದು. ಹಾಗೆಯೇ, ತೊಟ್ಟಿಲಿನಂಥ ಆಸರೆಯಿಲ್ಲದಿದ್ದಾಗ ಕಯಾಕನ್ನೂ ಬೋರಲಾಗಿಡುವುದು ಅನೇಕ ವೇಳೆ ಲೇಸು. ಮಳೆ ಬಂದರೆ ಒಳಗೆ ನೀರು ತುಂಬಿ ಭಾರವಾಗುವ ಭಯವಿರದು.

ಅನಂತರ ಪ್ರತಿಯೊಂದು ಕಂಬಿಯ ಬಳಿಯೂ ಒಂದೊಂದರಂತೆ ಎರಡು ನೇಯ್ದ ಪಟ್ಟಿಗಳನ್ನು ದೋಣಿಯ ಮೇಲಿಂದ ಹಾಯಿಸಿ, ಕಂಬಿಯ ಅಡಿಯಿಂದ ತಂದು, ಕೈಯಿಂದೆಳೆದು ಬಿಗಿಯುವ ಬಕಲಿನಲ್ಲಿ ಭದ್ರಪಡಿಸಬೇಕು. ಲಾರಿಗಳಿಗೆ ಬಳಸುವ ಹಲ್ಲುಚಕ್ರದ ಬಿಗಿಪಟ್ಟಿಯ ಬಲ ಬಹಳ. ಬಿಸಿಲಿಗೆ ಮೆತ್ತಗಾದ ಪ್ಲಾಸ್ಟಿಕ್ಕನ್ನು ಅದು ತಗ್ಗಿಸಿಬಿಡುವುದು. ಪಟ್ಟಿ ಗಾಳಿಗೆ ಗುಂಯ್‌ಗುಡುತ್ತಿದ್ದರೆ ಅದಕ್ಕೆ ಒಂದು ತಿರುವು ಕೊಟ್ಟರೆ ಸದ್ದಡಗುವುದು. ಉಳಿದ ತುದಿಗಳನ್ನು ಜೋತಾಡಲು ಬಿಡದೆ ಗಂಟುಹಾಕಿಡತಕ್ಕದ್ದು.

ಈ ಎರಡು ಪಟ್ಟಿಗಳು ದೋಣಿಯನ್ನು ಕೆಳಕ್ಕೆ ಒತ್ತಿ ಹಿಡಿಯುವುವು. ಮುಂದೆ ಜಾರದಂತೆ ಪೂರ್ಣವಾಗಿ ತಡೆಯಲಾರವು. ಅದಕ್ಕಾಗಿ ದೋಣಿಯ ಮೂತಿಯಿಂದ ಒಂದು, ಬಾಲದಿಂದ ಒಂದು ಹಗ್ಗವನ್ನಿಳಿಸಿ ಕಾರಿನ ಮುಂದಣ ಹಿಂದಣ ಗಟ್ಟಿ ಕೊಂಡಿಗಳಿಗೆ ಕಟ್ಟಬೇಕು. ಪ್ಲಾಸ್ಟಿಕ್ ಬಂಪರಿಗೆ ಕಟ್ಟಿದರೆ ವ್ಯರ್ಥ. ಅನೇಕರು ಬಿಡುವುದು ಇದನ್ನೇ. ಎಳೆದರೆ ಹಿಗ್ಗಿ ಮತ್ತೆ ಮೊದಲಿನಂತಾಗುವ ರಬ್ಬರಿನ ಹುರಿಯಲ್ಲಿ ಮೇಲೆ ಹೇಳಿದ ಸ್ಥಿತಿಸ್ಥಾಪಕ ಗುಣವಿದೆ. ಆದಕಾರಣವೇ ಅದು ಈ ಕೆಲಸಕ್ಕೆ ಒದಗದು. ಜೀರುಗುಣಿಕೆಯನ್ನೊಂದೇ ನಂಬಿದರೆ ಕುಲುಕಾಟಕ್ಕೆ ಬಿಚ್ಚಿಕೊಳ್ಳಬಹುದು. ಅದರ ಮೇಲೊಂದು ಗಂಟು ಬೇಕು. ವೇದಾಂತಿಗಳು ಹಗ್ಗವನ್ನು ಹಾವೆಂದು ಭ್ರಮಿಸುವ ದೃಷ್ಟಾಂತವನ್ನು ಹೇಳುವರು. ನವೆದ ಹುರಿಯನ್ನು ಹಗ್ಗವೆಂದು ಭ್ರಮಿಸುವುದು ಅದಕ್ಕಿಂತ ಅಪಾಯಕರ. ಆ ಭ್ರಮೆಯ ಫಲವನ್ನು ಉಣ್ಣುವವರು ಬೇರೊಬ್ಬರು.

ಕಟ್ಟಿದ ಮೇಲೆ ದೋಣಿಯನ್ನು ಹಿಡಿದು ಅಲುಗಿಸಿ ನೋಡಿರಿ. ದೋಣಿಯೊಡನೆ ಇಡೀ ಕಾರು ಅಲುಗಿದರೆ ಕಟ್ಟು ಸರಿ; ದೋಣಿ ಮಾತ್ರ ಅಲುಗಿದರೆ ಮತ್ತೆ ಬಿಗಿಯಿರಿ. ಹತ್ತು ಹದಿನೈದು ಕಿಲೋಮೀಟರ್ ಹೋದಮೇಲೆ ನಿಲ್ಲಿಸಿ ಪುನಃ ಪರೀಕ್ಷಿಸುವುದು ಅತ್ಯವಶ್ಯ, ಏಕೆಂದರೆ ಹೊರೆಯು ಕುಲುಕಿ ತನ್ನ ಸ್ಥಾನಕ್ಕೆ ಕೂರುವಾಗ ಪಟ್ಟಿ ಸಡಿಲವಾಗುವುದು. ಬೆಂಗಳೂರಿನಿಂದ ದಾಂಡೇಲಿಯವರೆಗೆ 400 ಕಿಲೋಮೀಟರಿಗೂ ಮೀರಿದ ದಾರಿ. ಊಟಕ್ಕೆ ನಿಂತಾಗಲೆಲ್ಲ ಒಮ್ಮೆ ಮುಟ್ಟಿ ನೋಡಿದರೆ ನಷ್ಟವೇನು? ವೇಗ ಮಿತವಾಗಿರಲಿ. ಕಾರಿನ ಎತ್ತರ ಈಗ ಹೆಚ್ಚಿದೆಯೆಂಬುದು ತಗ್ಗು ಕಮಾನುಗಳ ಬಳಿ ನೆನಪಿರಲಿ.

ಕಾನೂನು ಕೂಡ ಈ ವಿಷಯದಲ್ಲಿ ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಾದ ತಿದ್ದುಪಡಿಯಂತೆ, ಹೇರು ಅನುಮತಿಸಿದ ಮಿತಿಯನ್ನು ಮೀರಿ ಪಕ್ಕಕ್ಕಾಗಲಿ ಮುಂದಕ್ಕಾಗಲಿ ಹಿಂದಕ್ಕಾಗಲಿ ಎತ್ತರಕ್ಕಾಗಲಿ ಚಾಚಿದ್ದರೆ 20,000 ರೂಪಾಯಿ ದಂಡವುಂಟು. ದಂಡಕ್ಕೆ ಅಂಜಿ ಕಟ್ಟುವವನಿಗಿಂತ, ದಾರಿಯಲ್ಲಿ ತನ್ನ ಹಿಂದೆ ಬರುತ್ತಿರುವ ಅಪರಿಚಿತನನ್ನು ನೆನೆದು ಕಟ್ಟುವವನು ಉತ್ತಮನು. ಆ ಅಪರಿಚಿತನಿಗೆ ನಮ್ಮ ಗಂಟು ಕಾಣದು. ಆದರೂ ಅವನ ಪ್ರಾಣ ಅದರಲ್ಲಿದೆ. ಮಕ್ಕಳು ವಿಹಾರಕ್ಕೆ ಹೊರಟಾಗ ಬುತ್ತಿ ಕಟ್ಟಿಕೊಡುವ ಹಿರಿಯರು ಈ ಒಂದು ಮಾತನ್ನೂ ಅದರೊಡನೆ ಕಟ್ಟಿಕೊಡಲಿ.